ಹಗಲೆಲ್ಲ ಅಂದರೆ ಹಗಲಲ್ಲ

ರೇಣುಕಾಳ ಪಿಎಚ್.ಡಿ. ಮಂಡನೆಯ ದಿನ ಕೊಪ್ಪಳದ ಆ ಕೋಣೆಯಲ್ಲಿ ನಮ್ಮ ವಿಭಾಗದವರಿದ್ದರು, ಮೈಸೂರಿನಿಂದ ಬಂದ ಪರೀಕ್ಷಕರಿದ್ದರು, ಹಿಂದಿನ ಬೆಂಚಿನಲ್ಲಿ ಕುಕನೂರಿನಿಂದ ಬಂದ ಅವಳ ಅವ್ವ. ಮಾರ್ಗದರ್ಶಕಿಯಾದ ನಾನು ಬಾಯಿ ಬಿಡುವಂತಿರಲಿಲ್ಲ.

ನಾನೂ ಮೈಸೂರಿನವಳೇ. ಅಜ್ಜಿಯ ಬಾಯಲ್ಲಿ ಕನ್ನಡ ಕಲಿತವಳು, ನನಗೆ ಬಾರದ ಕನ್ನಡ ಯಾವುದಿದ್ದೀತು ಎಂಬ ಜಂಬದಲ್ಲಿ ಕೊಪ್ಪಳಕ್ಕೆ ಬಂದೆ. ಬಂದ ವಾರವೇ ಬಾಡಿಗೆ ಮನೆಯ ಯಜಮಾನಿ, ಹಗಲೆಲ್ಲ ಬಾಗಿಲು ತೆಗೆಯಬೇಡಿ, ಮಂಗಗಳು ಬರುತ್ತವೆ ಎಂದರು. ನಮ್ಮ ಕಡೆ ಹಗಲೆಲ್ಲ ಎಂದರೆ ಬೆಳಗಿನಿಂದ ಸಂಜೆವರೆಗೆ. ಬೇಸಿಗೆಯ ಭಾನುವಾರವಿಡೀ ಬಾಗಿಲು ಹಾಕಿಕೊಂಡು ಬೆಂದೆ. ಸಂಜೆ ಅವರೇ ಬಂದು ಬಾಗಿಲು ಬಡಿದರು: "ಯಾಕ್ರಿ ಮೇಡಮ್, ಆರಾಮಿಲ್ಲೇನು?" ಇಲ್ಲಿ ಹಗಲೆಲ್ಲ ಎಂದರೆ ಪದೇ ಪದೇ ಎಂದು ತಿಳಿದದ್ದು ಆಗ. ಜೋಳದ ರೊಟ್ಟಿ ಒಗ್ಗಿದ್ದಕ್ಕಿಂತ ಮಾತು ಒಗ್ಗಲು ಹೆಚ್ಚು ಕಾಲ ಹಿಡಿಯಿತು.

ರೇಣುಕಾಳ ಸಂಶೋಧನೆ ಯಲಬುರ್ಗಾ ಕಡೆಯ ಕುರಿಗಾಹಿಗಳ ಬದುಕಿನ ಮೇಲೆ. ಪರೀಕ್ಷಕರು ತಾವು ಗುರುತು ಹಾಕಿದ್ದ ಒಂದು ಪುಟ ತೆರೆದು ನಿಂತರು. ಕುರಿಗಾಹಿಯೊಬ್ಬ 'ಹಗಲೆಲ್ಲ ಊರಿಗೆ ಹೋಗಂಗಿಲ್ಲ' ಎಂದಿದ್ದಾನೆ. ಅಂದರೆ ಕತ್ತಲಾದ ಮೇಲೆ ದಿನವೂ ಹೋಗುತ್ತಾನೆ. ನೀವು ಅವನು ಊರು ಸೇರುವುದೇ ಅಪರೂಪ ಎಂದು ಬರೆದು, ಅದರ ಮೇಲೆ ಇಡೀ ಅಧ್ಯಾಯ ಕಟ್ಟಿದ್ದೀರಿ. ಅಧ್ಯಾಯ ತೆಗೆದು ಹೊಸದಾಗಿ ಬರೆಯಬೇಕಾದೀತು ಎಂದರು.

ನನ್ನ ನಾಲಗೆ ತುದಿಯಲ್ಲೇ ಉತ್ತರವಿತ್ತು. ರೇಣುಕಾ ನನ್ನತ್ತ ನೋಡಿದಳು. ನಾನು ಕಿಟಕಿ ನೋಡಿದೆ. ಅಲ್ಲಿಯವರೆಗೆ ಅಚ್ಚಿನ ಕನ್ನಡದಲ್ಲಿ ಮಾತಾಡುತ್ತಿದ್ದವಳು ಸೆರಗು ಸರಿಮಾಡಿಕೊಂಡು ತನ್ನ ಮಾತಿಗೆ ಇಳಿದಳು.

"ಸರ್, ನಮ್ಮ ಕಡೆ ಹಗಲೆಲ್ಲ ಅಂದ್ರ ಹಗಲಲ್ರಿ, ಪದೇ ಪದೇ ಅಂತ. ನೀವು ಹೇಳಿದಂಗಾದ್ರ, ಹಗಲೆಲ್ಲ ಫೋನ್ ನೋಡಬ್ಯಾಡ ಅಂತ ನಮ್ಮವ್ವ ಬೈದಾಗ ನಾ ರಾತ್ರಿಯೆಲ್ಲಾ ನೋಡಬಹುದಿತ್ತು."

"ನೋಡ್ತಾಳ್ರಿ, ರಾತ್ರಿನೂ ನೋಡ್ತಾಳ," ಎಂದರು ಹಿಂದಿನ ಬೆಂಚಿನಿಂದ ಅವ್ವ.

ಕೋಣೆಯೆಲ್ಲ ನಕ್ಕಿತು. ಪರೀಕ್ಷಕರೂ ನಕ್ಕು, ತಮ್ಮ ಗುರುತನ್ನು ತಾವೇ ಹೊಡೆದುಹಾಕಿದರು. ಅಧ್ಯಾಯ ಉಳಿಯಿತು. ಆ ಪದಕ್ಕೊಂದು ಅಡಿಟಿಪ್ಪಣಿ ಇರಲಿ, ನಮ್ಮಂಥವರು ಮುಗ್ಗರಿಸದ ಹಾಗೆ ಎಂದರು. ಒಪ್ಪಿಗೆಯ ಮಾತು ಮುಗಿಯುವ ಮೊದಲೇ ನಾನು ಎದ್ದು ಚಪ್ಪಾಳೆ ತಟ್ಟಿದ್ದೆ. ಗೆದ್ದವಳು ಅವಳು, ಬೀಗಿದವಳು ನಾನು.

ಮುಂದಿನ ಮಂಗಳವಾರ ಅವ್ವ ಮಗಳ ಪದವಿಗೆಂದು ಹೊತ್ತ ಹರಕೆ ತೀರಿಸಲು ನಮ್ಮನ್ನು ಹುಲಿಗಿಯ ಅಮ್ಮನ ಗುಡಿಗೆ ಕರೆದೊಯ್ದರು. ಪೂಜಾರಿ ಪೂಜೆಯಲ್ಲಿ ಹೇಳಲೆಂದು ನನ್ನ ಹೆಸರು ಕೇಳಿ, ಊರು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ, "ನಮ್ಮವರ ಅದಾರ್ರಿ, ಕೊಪ್ಪಳ ಅನ್ರಿ," ಎಂದರು. ತಡೆಯಲಾರದೆ, ಮೈಸೂರನ್ನೂ ಸೇರಿಸಿ ಎಂದೆ. ಪೂಜಾರಿ ನನ್ನ ಮುಖವನ್ನೊಮ್ಮೆ ನೋಡಿ, ಎರಡೂ ಊರಿನ ಹೆಸರು ಹೇಳಿ ಒಂದೇ ಕಾಯಿ ಒಡೆದರು.