ಪಿಸ್ತೂಲಿಗೆ ಕಳಚಿದ ಬಳೆ

ಆಗ ನನಗೆ ಅರವತ್ತೊಂದು, ಈಗ್ಗೆ ನಾಲ್ಕು ವರ್ಷದ ಮಾತು. ಮಧುಗಿರಿಯಲ್ಲಿ ಗುರಿ ಹೊಡೆಯಲು ಕಲಿಸುವ ಕಡೆ ಕಸ ಗುಡಿಸುತ್ತಿದ್ದೆ. ಒಂದು ದಿನ ಸುಮ್ಮನೆ ಪಿಸ್ತೂಲು ಹಿಡಿಸಿ ನೋಡಿದ ಮೇಷ್ಟ್ರು, ಕೈ ನಡುಗುವುದಿಲ್ಲವೆಂದು ಹಿರಿಯರ ಪಂದ್ಯಕ್ಕೆ ನನ್ನ ಹೆಸರು ಬರೆಸಿದರು. ಆರಿಸಿಕೋ ಎಂದು ಎರಡು ಪಿಸ್ತೂಲು ಮುಂದಿಟ್ಟರು. ಹಗುರವಾದದ್ದು ಕೈಯಲ್ಲಿ ಅಲ್ಲಾಡುತ್ತಿತ್ತು, ಭಾರದ್ದನ್ನೇ ತೆಗೆದುಕೊಂಡೆ. ಅದರ ಮರದ ಹಿಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ಉಜ್ಜಿ ನನ್ನ ಅಂಗೈಗೆ ಕೂರಿಸಿದರು. ಆದರೂ ಗಾಜಿನ ಬಳೆ ತಗಲುತ್ತಿತ್ತು.

“ಪಂದ್ಯದಾಗೆ ಮಣಿಕಟ್ಟಿನ ಮ್ಯಾಲೆ ಏನೂ ಇರಂಗಿಲ್ಲ ಕಣಮ್ಮ,” ಎಂದರು.

ಗಂಡ ಸತ್ತಾಗ ನೆಂಟರೆಲ್ಲ ಬಳೆ ಒಡೆಯಲು ಬಂದಿದ್ದರು. ನಾನು ಕೈ ಕೊಡಲಿಲ್ಲ. ಅಂದಿನಿಂದ ಅವರು ನನ್ನ ಹೊಸಿಲು ತುಳಿದಿರಲಿಲ್ಲ. ಈಗ ಸೋಪು ಹಚ್ಚಿ ಬಲಗೈಯವನ್ನು ನಾನೇ ಕಳಚಿದೆ.

ಸಂಜೆ ನಲ್ಲಿಯ ಹತ್ತಿರ ನಾದಿನಿ ನನ್ನ ಬರಿದಾದ ಬಲಗೈ ನೋಡಿ, ಅಷ್ಟು ವರ್ಷದ ಮೇಲೆ ಬಾಯಿಬಿಟ್ಟಳು. “ಈಗ್ಲಾದ್ರೂ ಬುದ್ಧಿ ಬಂತಾ ಅತ್ತಿಗೆ? ಆ ಕೈದೂ ತೆಗ್ದ್‌ಬುಡು. ಹಬ್ಬಕ್ಕೆ ಮನೆಗೆ ಬರುವಂತೆ.”

“ಪಿಸ್ತೂಲಿಗೆ ತೆಗ್ದೆ ಕಣೆ, ನಿಮ್ಮಣ್ಣನಿಗಲ್ಲ.”

ಅವಳು ಬಿಂದಿಗೆ ಎತ್ತಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ನೀರು ತುಂಬಿದ ಚೊಂಬನ್ನು ಪಿಸ್ತೂಲಿನಂತೆ ಬಲಗೈಯಲ್ಲಿ ಮುಂದಕ್ಕೆ ಚಾಚಿ ಹಿಡಿದು, ತೋಳು ಸೋಲುವವರೆಗೂ ಗೋಡೆಯ ಚುಕ್ಕಿ ನೋಡುತ್ತ ನಿಂತೆ.