ಬೂದಿಗೊಂದು ಜೊತೆ

ನಮ್ಮ ಬೀದಿಯ ಟೈಲರಮ್ಮನದು ಒಂಟಿ ಜೀವ. ಬಾಯಿ ಮಾತ್ರ ನಾಲ್ಕು ಜನರದ್ದು. ಅವಳ ಹೊಲಿಗೆ ಮಷಿನ್ನಿನ ಪಕ್ಕದ ಪಂಜರದಲ್ಲಿ ಬೂದಿ ಇತ್ತು. ಬೂದಿ ಎಂದರೆ ಅವಳು ಸಾಕಿದ ಚಿಂಚಿಲಾ ಎಂಬ ಇಲಿಜಾತಿಯ ಪ್ರಾಣಿ: ಅಗಲ ಕಿವಿ, ಅಳಿಲಿನ ಬಾಲ, ಬೆರಳು ಹುದುಗಿಹೋಗುವಷ್ಟು ಮೆತ್ತನೆಯ ಬೂದುಗೂದಲು. ಜೊತೆಯದು ಸತ್ತ ಮೇಲೆ ಅದು ತನ್ನ ಕೂದಲನ್ನೇ ಕಚ್ಚಿ ಕೀಳತೊಡಗಿತು. ಸೊಂಟ ಬೋಳಾಯಿತು.

"ಇನ್ನೊಂದು ತನ್ನಿ," ಎಂದರು ಪ್ರಾಣಿವೈದ್ಯರು. "ಆದ್ರೆ ಮೊದ್ಲೇ ಒಂದೇ ಪಂಜರಕ್ಕೆ ಬಿಟ್ಟೀರಾ ಮತ್ತೆ! ಪಕ್ಕಪಕ್ಕ ಇಟ್ಟು ನೋಡಿ. ಹೊಂದ್ಕೊಂಡ್ರೆ ಸರಿ, ಇಲ್ಲಾಂದ್ರೆ ಕಚ್ಚಿ ಸಾಯಿಸಿಬಿಡ್ತವೆ."

ಟೈಲರಮ್ಮನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ತಂದರೆ ಕಚ್ಚಾಟ, ಬಿಟ್ಟರೆ ಕೊರಗು. ಊಟ ನಿದ್ದೆ ಬಿಟ್ಟು ಒದ್ದಾಡಿದಳು. ಅವಳ ಅಕ್ಕನ ಫೋನು ಬಂದದ್ದೂ ಆಗಲೇ.

"ನಿಮ್ ಭಾವ ಹೋದ್ಮೇಲೆ ಮನೆ ಬಿಕೋ ಅಂತಿದೆ ಕಣೇ. ನಿನ್ನ ಹತ್ರ ಬಂದಿರ್ಲಾ?"

"ಬೇಡಕ್ಕಾ. ಇರೋದು ಒಂದೇ ರೂಮು. ನಾವಿಬ್ರೂ ಕಚ್ಚಾಡ್ತೀವಿ."

ಅಕ್ಕ ಮತ್ತೆ ಫೋನ್ ಮಾಡಲಿಲ್ಲ.

ಬಟ್ಟೆ ಬಿಟ್ಟರೆ ಬೇರೆ ಲೋಕ ಗೊತ್ತಿಲ್ಲದವಳು ಇನ್ನೇನು ಮಾಡಿಯಾಳು? ಯಾರದೋ ಕೋಟಿನ ಕಾಲರಿಗೆ ಹೊಲಿದು ಉಳಿದಿದ್ದ ತುಪ್ಪಳದ ತುಂಡಿಗೆ ಹತ್ತಿ ತುಂಬಿ, ಬೂದಿಯಷ್ಟೇ ದೊಡ್ಡ ಗೊಂಬೆ ಹೊಲಿದಳು. ಕಿವಿ ಸೊಟ್ಟಗಾಯಿತೆಂದು ಬಿಚ್ಚಿ ಮತ್ತೆ ಹೊಲಿದಳು. ನಮ್ಮ ಬಟ್ಟೆಗೆ ಇಷ್ಟು ನಿಗಾ ಇಟ್ಟಿದ್ದರೆ ಬೀದಿಯೇ ಉದ್ಧಾರವಾಗುತ್ತಿತ್ತು! ಗೊಂಬೆಯನ್ನು ಪಂಜರದಲ್ಲಿಟ್ಟದ್ದೇ ತಡ, ಬೂದಿ ಅದಕ್ಕೆ ಒರಗಿ ಮಲಗಿತು.

"ನೋಡಿದ್ರಾ? ಇದು ಕಚ್ಚೋದೂ ಇಲ್ಲ, ಸಾಯೋದೂ ಇಲ್ಲ," ಎಂದು ಬೀಗಿದಳು.

ಬುದ್ಧಿ ಎಲ್ಲಿಟ್ಟಿದ್ದಳೋ! ತನ್ನ ಕೂದಲು ಕೀಳುವುದನ್ನು ಬಿಟ್ಟ ಬೂದಿ ಈಗ ಗೊಂಬೆಯ ಹೊಲಿಗೆ ಬಿಚ್ಚಿ ತಿನ್ನುತ್ತಿತ್ತು. ಕೆಲವೇ ದಿನಗಳಲ್ಲಿ ಹುಲ್ಲು ಮುಟ್ಟದಾಯಿತು, ಹಿಕ್ಕೆ ನಿಂತಿತು, ಹೊಟ್ಟೆ ಕಲ್ಲಾಯಿತು. ಟವೆಲಿನಲ್ಲಿ ಸುತ್ತಿಕೊಂಡು ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದಳು.

"ಹೊಟ್ಟೆ ತುಂಬ ಹತ್ತಿ, ದಾರ," ಎಂದರು ವೈದ್ಯರು. "ಔಷಧಿ ಕೊಟ್ಟಿದೀನಿ. ಉಳಿಯುತ್ತೆ ಅಂತ ಹೇಳಲಾರೆ. ಸ್ವಲ್ಪ ಸ್ವಲ್ಪ ಹೊತ್ತಿಗೂ ಒಬ್ರು ಅದನ್ನ ಹಿಡ್ಕೋಬೇಕು, ಇನ್ನೊಬ್ರು ಸಿರಿಂಜಲ್ಲಿ ಆಹಾರ ಕುಡಿಸ್ಬೇಕು. ಮನೇಲಿ ಇನ್ಯಾರಿದಾರೆ?"

"ಯಾರೂ ಇಲ್ಲ," ಎಂದಳು. ಅಷ್ಟು ಬಾಯಿಜೋರಿನ ಹೆಂಗಸು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಅಕ್ಕನಿಗೆ ಫೋನ್ ಹಚ್ಚಿದಳು.

"ಅಕ್ಕಾ, ಒಬ್ಬಳ ಕೈಲಿ ಆಗ್ತಿಲ್ಲ."

"ಏನೇ ಆಗ್ತಿಲ್ಲ? ಆ ಇಲಿ ಸಾಕೋದಾ?"

ಟೈಲರಮ್ಮ ಮಡಿಲಲ್ಲಿದ್ದ ಬೋಳು ಸೊಂಟದ ಮೇಲೆ ಕೈಯಿಟ್ಟಳು. ಬೂದಿ ಇನ್ನೂ ಉಸಿರಾಡುತ್ತಿತ್ತು.

"ಅದೂ," ಎಂದಳು. "ಬಂದ್ಬಿಡೇ ಅಕ್ಕಾ."