ಕಾಣದ ಊರನ್ನು ಅಪ್ಪನಿಗೆ ತೋರಿಸಿದ್ದು

ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದು ಒಂದೂವರೆ ವರ್ಷವಾದರೂ ನಾನು ಕೊಳ್ಳೇಗಾಲವನ್ನು ನೋಡಿರಲಿಲ್ಲ. ಇದನ್ನು ಹೇಳಿದರೆ ಈಗಿನ ಹುಡುಗಿಯರು ನಗುತ್ತಾರೆ. ನಗಲಿ. ನಡುಮನೆ, ಅಡುಗೆಮನೆ, ಹಿತ್ತಲು, ಹಿತ್ತಲಲ್ಲೊಂದು ತಗಡಿನ ಚಪ್ಪರ, ಇಷ್ಟೇ ನನ್ನ ಕೊಳ್ಳೇಗಾಲ. ಚಪ್ಪರದಡಿ ಒಲೆಯ ಮೇಲೆ ನೀರು ಕುದಿಯುತ್ತಿತ್ತು, ನೀರಿನಲ್ಲಿ ರೇಷ್ಮೆಗೂಡು ಕುಣಿಯುತ್ತಿತ್ತು, ಪಕ್ಕದಲ್ಲಿ ಚರಕ. ಗೂಡಿನ ಎಳೆಯನ್ನು ಕುದಿನೀರಿನಿಂದ ಬೆರಳಲ್ಲೇ ಹೆಕ್ಕಿ ಚರಕಕ್ಕೆ ಕೊಡಬೇಕು. ಯುದ್ಧದ ಕಾಲ, ರೇಷ್ಮೆಗೆ ಎಲ್ಲಿಲ್ಲದ ಗಿರಾಕಿ. ನೂಲು ತೆಗೆಯುವ ಆಳುಗಳು ಕೈಗೆ ಸಿಗುತ್ತಿರಲಿಲ್ಲ. ಸೊಸೆ ಸಿಕ್ಕಿದ್ದಳು.

ನನ್ನ ಗಂಡ ಕೆಟ್ಟವರಲ್ಲ. ವಾರದಲ್ಲಿ ನಾಲ್ಕು ದಿನ ಮಾಂಬಳ್ಳಿ, ಯಳಂದೂರು ಅಂತ ಗೂಡು ಕೊಳ್ಳಲು ತಿರುಗುತ್ತಿದ್ದರು. ಉಳಿದ ಮೂರು ದಿನ ಅವರಪ್ಪನ ಮುಂದೆ ತಲೆ ತಗ್ಗಿಸಿಕೊಂಡಿರುತ್ತಿದ್ದರು. ಅತ್ತೆ ಒಂದೇ ಮಾತು ಹೇಳುತ್ತಿದ್ದರು: "ನಮ್ಮನೆ ಎಣ್ಮಕ್ಳು ಬೀದೀಲಿ ತಿರ್ಗದಿಲ್ಲ." ಹೊಸ್ತಿಲು ದಾಟಿದರೆ ಮನೆತನ ಹೋಗುತ್ತದಂತೆ. ಕುದಿನೀರಲ್ಲಿ ಕೈ ಅದ್ದಿದರೆ ಮನೆತನಕ್ಕೆ ಏನೂ ಆಗುತ್ತಿರಲಿಲ್ಲ.

ಈ ಕಥೆಯಲ್ಲಿ ನನ್ನ ತಪ್ಪೂ ಇದೆ, ಅದನ್ನೂ ಹೇಳಿಬಿಡುತ್ತೇನೆ. ಕೌದಳ್ಳಿಯ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದ ನನಗೆ ತೌರಿಗೆ ಕಾಗದ ಬರೆಯಲು ಅಪ್ಪಣೆ ಇತ್ತು. ಬರೆದದ್ದನ್ನು ಮಾವನ ಕೈಗೆ ಕೊಡಬೇಕು, ಅವರು ಓದಿ ಅಂಚೆಗೆ ಹಾಕುತ್ತಿದ್ದರು. ಹಾಗಾಗಿ ಕಷ್ಟ ಬರೆಯುವಂತಿರಲಿಲ್ಲ. ಬರೀ ಕ್ಷೇಮ ಅಂತ ಬರೆದರೆ ಎರಡು ಸಾಲಿಗೇ ಮುಗಿದುಹೋಗುತ್ತಿತ್ತು. ಅದಕ್ಕೆ ನಾನು ಊರನ್ನು ಬರೆದೆ. ನೀರು ಹೊತ್ತು ತರುವ ಹೆಂಗಸೊಬ್ಬಳು ಬರುತ್ತಿದ್ದಳು, ಬಾಯಿ ತೆರೆದರೆ ಮುಚ್ಚದವಳು. ಅವಳು ಹೇಳಿದ ಬಳೆ ಅಂಗಡಿ ಸಾಲು, ಮಗ್ಗದ ಬೀದಿ, ದೊಡ್ಡ ಇಸ್ಕೂಲು, ಕೆರೆ ಏರಿ ಎಲ್ಲವನ್ನೂ ನಾನೇ ಸುತ್ತಿಬಂದವಳ ಹಾಗೆ ಬರೆದೆ. ಗಂಡ ನನ್ನನ್ನು ದಾಸನಪುರದ ಹೊಳೆಗೆ ಕರೆದೊಯ್ದು ಹರಿಗೋಲಿನಲ್ಲಿ ಕೂರಿಸಿದರು ಅಂತಲೂ ಬರೆದೆ. ಬರೆಯುವಾಗ ಬಹಳ ಖುಷಿಯಾಗುತ್ತಿತ್ತು, ಸುಳ್ಳು ಅನ್ನುವುದೇ ಮರೆತುಹೋಗುತ್ತಿತ್ತು. ಮಾವ ಒಂದಕ್ಷರವನ್ನೂ ಹೊಡೆದುಹಾಕಲಿಲ್ಲ. ಯಾಕೆ ಅಂತ ಆಗ ನಾನು ಯೋಚಿಸಲಿಲ್ಲ.

ಒಂದು ಸಂಜೆ ಹನೂರಿನ ಕಡೆಯಿಂದ ಬಂದ, ಪೆಟ್ರೋಲು ಸಿಗದ ಆ ಕಾಲದ ಇದ್ದಿಲು ಬಸ್ಸಿನಿಂದ ಇಳಿದು ಅಪ್ಪ ನಮ್ಮ ಬಾಗಿಲಿಗೆ ಬಂದ. ಅಪ್ಪನಿಗೆ ಕೌದಳ್ಳಿಯಲ್ಲಿ ಹೊಲ, ಬೆಟ್ಟದ ರಸ್ತೆಗೆ ಮುಖ ಮಾಡಿದ ಒಂದು ಸಣ್ಣ ಅಂಗಡಿ. ಹೆಗಲ ಮೇಲೆ ಹುಣಸೆಹಣ್ಣಿನ ಚೀಲ ಇತ್ತು. ನನ್ನ ಗಂಡ, ಮೈದುನ ಇಬ್ಬರೂ ಗೂಡು ಕೊಳ್ಳಲು ಹೋಗಿದ್ದರು. ಮಾವ ಎದ್ದುಹೋಗಿ ಕೈ ಹಿಡಿದು ಕರೆತಂದರು. ಅಷ್ಟು ಉಪಚಾರವನ್ನು ನಾನು ಆ ಮನೆಯಲ್ಲಿ ನೋಡಿಯೇ ಇರಲಿಲ್ಲ. ನಾನು ಸೆರಗಿನೊಳಗೆ ಕೈ ಮುಚ್ಚಿಕೊಂಡು ನಿಂತಿದ್ದೆ. ಬೆರಳ ತುದಿಗಳು ಬೆಂದು ಬೆಳ್ಳಗೆ ಬಿರಿದುಕೊಂಡಿದ್ದವು.

ಬೆಳಿಗ್ಗೆ ರೊಟ್ಟಿ ತಿನ್ನುತ್ತಾ ಅಪ್ಪ ಅಂದ, "ಬೀಗ್ರೇ, ಮಗ್ಳು ಕಾಗ್ದುದಲ್ಲಿ ಊರ್ನೆಲ್ಲ ಬರ್ದವ್ಳೆ. ಅವಳ್ ಕೈಲೇ ಒಂದ್ಸಲ ತೋರ್ಸ್ಕಬೇಕು ಅಂತ ಆಸೆ."

ಅತ್ತೆ, ಮಾವನ ಮುಖ ನೋಡಿದರು. ಮಾವ ನಗುತ್ತಾ ನನ್ನ ಕಡೆ ತಿರುಗಿದರು. "ಓಗ್ಬಾರವ್ವ. ಕಾಗ್ದುದಲ್ಲಿ ಬರ್ದಂಗೇ ತೋರ್ಸು, ಗೊತ್ತಾಯ್ತಾ?"

ಗೊತ್ತಾಯಿತು. ಬರೆದದ್ದಕ್ಕಿಂತ ಒಂದು ಮಾತು ಹೆಚ್ಚಾದರೆ ಅಪ್ಪ ಹೋದ ಮೇಲೆ ನಾನಿದ್ದೇನೆ, ಅವರಿದ್ದಾರೆ.

ಹೊಸ್ತಿಲು ದಾಟಿದೆ. ಎಡಕ್ಕೋ, ಬಲಕ್ಕೋ? ಅಪ್ಪ ಒಳ್ಳೆಯ ಪಂಚೆ ಉಟ್ಟು, ರುಮಾಲು ಸುತ್ತಿ, ಹಬ್ಬಕ್ಕೆ ಹೊರಟವನ ಹಾಗೆ ನಿಂತಿದ್ದ. ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಎಡಕ್ಕೆ ಹೋಗುತ್ತಿದ್ದರು. ಪೇಟೆಗೇ ಇರಬೇಕು ಅಂತ ಅವರ ಹಿಂದೆಯೇ ನಡೆದೆ. ದೇವರು ದೊಡ್ಡವನು, ಬಳೆ ಅಂಗಡಿಗಳು ಸಿಕ್ಕವು. "ನೋಡಪ್ಪ, ನಾ ಬರ್ದಿದ್ದೆನಲ್ಲ" ಅಂದೆ. ಅಪ್ಪನ ಮುಖ ಅರಳಿತು. "ಒಂಬತ್ತಂಗ್ಡಿ ಅಂತ ಬರ್ದಿದ್ದೆ ಕಣ್ಮಗ" ಅಂತ ಬೆರಳು ಮಡಿಚಿ ಎಣಿಸಿದ. ಆರಿದ್ದವು. ಮೂರು ಮುಚ್ಚಿಹೋದವು ಅಂದೆ. ಕಾಗದಗಳನ್ನು ನನ್ನ ತಂಗಿ ಗಟ್ಟಿಯಾಗಿ ಓದುತ್ತಿದ್ದಳಂತೆ. ಅಂಗಡಿ ಜಗಲಿಯಲ್ಲಿ ಕೂತವರೆಲ್ಲ ಕೇಳುತ್ತಿದ್ದರಂತೆ. ಅಪ್ಪನಿಗೆ ಅವು ಬಾಯಿಪಾಠ ಆಗಿದ್ದವು.

ಮಗ್ಗದ ಬೀದಿಯನ್ನು ಸದ್ದು ಹಿಡಿದೇ ಹುಡುಕಿದೆ. ಬೀದಿಯುದ್ದಕ್ಕೂ ಗೂಟ ನೆಟ್ಟು, ಸೀರೆಯ ಉದ್ದೆಳೆಗಳ ಹಾಸು ಎಳೆದಿದ್ದರು. ಅರಿಸಿನ ಬಣ್ಣದ ಆ ಎಳೆಗಳನ್ನು ಒಬ್ಬ ನೇಕಾರ ನೇವರಿಸುತ್ತಿದ್ದ. ಈ ಬಿಸಿಲಲ್ಲಿ ಹೊಳೆಯುತ್ತಿರುವುದರಲ್ಲಿ ನನ್ನ ಬೆರಳಿಂದ ಬಂದದ್ದು ಎಷ್ಟೋ ಅಂತ ಅನ್ನಿಸಿ ಒಂದು ಗಳಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಅಲ್ಲಿಂದ ಮುಂದಕ್ಕೆ ಹೋಗಿ, ಒಂದು ಸಂದಿಗೆ ತಿರುಗಿ, ಇನ್ನೊಂದಕ್ಕೆ ತಿರುಗಿ ನೋಡಿದರೆ ಅದೇ ನೇಕಾರ, ಅದೇ ಹಾಸು. ಅವನು ತಲೆಯೆತ್ತಿ ಕೇಳಿದ, "ಯಾರ್ ಮನೆ ಉಡುಕ್ತಿದ್ದೀಯವ್ವ? ಯಾವೂರು ನಿಂದು?"

"ಇದೇ ಊರು ಕಣಣ್ಣ" ಅಂದೆ. ಅಪ್ಪ ಆ ಹಾಸಿನ ಕಡೆ ನೋಡುತ್ತಾ ಚೆನ್ನಾಗಿದೆ, ಚೆನ್ನಾಗಿದೆ ಅಂದ.

ದೊಡ್ಡ ಇಸ್ಕೂಲು ಅಂತ ಒಂದು ಕಲ್ಲಿನ ಕಟ್ಟಡವನ್ನು ತೋರಿಸಿದ್ದು ಇನ್ನೂ ದೊಡ್ಡ ಎಡವಟ್ಟಾಯಿತು. ಆಗ ನಾವು ಕೊಯಮತ್ತೂರು ಜಿಲ್ಲೆಯವರು, ಬೋರ್ಡೆಲ್ಲ ಇಂಗ್ಲಿಷು, ತಮಿಳು. ನನಗೆ ಎರಡನ್ನೂ ಓದಲು ಬರುವುದಿಲ್ಲ. ಒಳಗಿಂದ ಬಿಲ್ಲೆಯ ಜವಾನನೊಬ್ಬ ಬಂದು "ಎನ್ನ ವೇಣುಂ?" ಅಂತ, ಏನು ಬೇಕು ಅಂತ ತಮಿಳಲ್ಲಿ ಕೇಳಿದ. ನಮ್ಮ ಕಡೆ ತಮಿಳು ಮಾತು ಎಲ್ಲರಿಗೂ ಅಷ್ಟಿಷ್ಟು ಬರುತ್ತದೆ. ಅಪ್ಪ ಅವನ ಹತ್ತಿರ ಎರಡು ಮಾತಾಡಿ ವಾಪಸು ಬಂದ.

"ಇದು ಇಸ್ಕೂಲಲ್ವಂತೆ ಮಗ, ತಾಲ್ಲೂಕು ಕಚೇರಿಯಂತೆ."

"ಮೊದ್ಲು ಇಸ್ಕೂಲಾಗಿತ್ತು ಅಪ್ಪ."

ಅಪ್ಪ ಹೂಂ ಅಂದ. ಅದು ನಂಬಿದ ಹೂಂ ಅಂತಲೇ ನಾನು ಎಣಿಸಿದೆ. ಅಷ್ಟು ಹೊತ್ತಿಗೆ ನನಗೂ ಒಂಥರಾ ಹಟ ಹತ್ತಿಬಿಟ್ಟಿತ್ತು. ಬಿಸಿಲು, ಜನ, ಎತ್ತಿನ ಗಂಟೆ, ಹುರಿಗಡಲೆ ವಾಸನೆ. ಕದ್ದು ತಿಂದ ಬೆಲ್ಲದ ಹಾಗೆ ಆ ಊರು ನನಗೆ ರುಚಿಸುತ್ತಿತ್ತು. ಮಗಳು ಸುಖವಾಗಿದ್ದಾಳೆ ಅಂದುಕೊಂಡು ಅಪ್ಪ ಊರಿಗೆ ಹೋಗಲಿ, ಅದರಿಂದ ಯಾರಿಗೆ ನಷ್ಟ ಅಂದುಕೊಂಡೆ. ಯಾರಿಗೆ ಅನ್ನುವುದು ಹೊಳೆಯ ಹತ್ತಿರ ತಿಳಿಯಿತು.

ದಾಸನಪುರಕ್ಕೆ ವಾಪಸು ಹೋಗುತ್ತಿದ್ದ ಖಾಲಿ ಗಾಡಿಯೊಂದು ಸಿಕ್ಕಿತು, ಅಪ್ಪನೇ ಮಾತಾಡಿ ನಿಲ್ಲಿಸಿದ. ಹೊಳೆ ಕಂಡಾಗ ನಾನು ಬಾಯಿಬಿಟ್ಟುಕೊಂಡು ನಿಂತೆ. ಅಷ್ಟು ನೀರನ್ನು ಒಂದೇ ಕಡೆ ನಾನು ಎಂದೂ ನೋಡಿರಲಿಲ್ಲ. ಆಚೆ ದಡ ಮೈಸೂರು ಸೀಮೆ. ಅಲ್ಲಿಗೆ ದಾಟಿಸಿ ಕರೆತರಲು ಅಂಬಿಗ ಒಪ್ಪಿದ. ತೊಗಲು ಹೊದಿಸಿದ ಬಿದಿರಿನ ಹರಿಗೋಲು. ಕಾಲಿಟ್ಟ ಕೂಡಲೇ ಅದು ಓಲಾಡಿತು, ನಾನು ಕಿರುಚಿ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡೆ.

"ಎದ್ರಕಬ್ಯಾಡ ಕೂಸೇ, ಮೊದಲ್ನೇ ಸಲವಾ?" ಅಂದ ಅಂಬಿಗ.

ಅಂಚು ಹಿಡಿದಿದ್ದ ನನ್ನ ಬೆರಳುಗಳನ್ನು ಅಪ್ಪ ನೋಡುತ್ತಿದ್ದ. ನಾನು ತಟ್ಟನೆ ಸೆರಗೊಳಗೆ ಎಳೆದುಕೊಂಡೆ. ಅಂಬಿಗ ಹುಟ್ಟು ಹಾಕಿದ, ಹರಿಗೋಲು ಮೆಲ್ಲಗೆ ತಿರುಗುತ್ತಾ ನಡುಹೊಳೆಗೆ ಬಂತು. ಆಗ ಅಪ್ಪ, ನೀರಿನ ಕಡೆ ಮುಖ ಮಾಡಿಕೊಂಡೇ, ಬಂದ ವಿಷಯ ತೆಗೆದ.

"ನಿಮ್ ಮಾವ ಏಳ್ಕಳ್ಸಿದ್ರು. ಚಿಕ್ಕೋಳ್ನೂ ಇದೇ ಮನೆಗೆ ಕೊಡಿ, ನಿನ್ ಮೈದುನಂಗೆ ಅಂತ. ಅಕ್ಕ ತಂಗಿ ಒಂದೇ ಒಲೆ ಮುಂದೆ ಇರ್ತಾರೆ. ಅವ್ಳಂತೂ ನಿನ್ ಕಾಗ್ದ ಓದಿ ಓದಿ ಕೊಳ್ಳೇಗಾಲ ಅಂತ ಕುಣೀತಾ ಅವ್ಳೆ. ನಾಳೆ ಎಲೆ ಅಡಿಕೆ ಬದ್ಲಾಯ್ಸ್ಕಂಡು ಓಗ್ತೀನಿ."

ಹಿಂದಿನ ವಾರ ಬಡಗಿಯೊಬ್ಬ ಬಂದು ಚಪ್ಪರದಡಿ ಇನ್ನೊಂದು ಚರಕ ಜೋಡಿಸಿಹೋಗಿದ್ದ. ಆಳು ಸಿಕ್ಕಿರಬೇಕು ಅಂದುಕೊಂಡು ನಾನು ಸಂತೋಷಪಟ್ಟಿದ್ದೆ. ನನ್ನ ಕಾಗದಗಳನ್ನು ಮಾವ ಒಂದಕ್ಷರ ಬಿಡದೆ ಅಂಚೆಗೆ ಹಾಕಿದ್ದು ಯಾಕೆ ಅಂತ ಆ ನಡುಹೊಳೆಯಲ್ಲಿ ತಿಳಿಯಿತು. ಹದಿನಾಲ್ಕು ವರ್ಷದ ನನ್ನ ತಂಗಿಯನ್ನು ನಾನೇ ಆ ಕುದಿನೀರಿನ ಹತ್ತಿರಕ್ಕೆ ಒಂದೊಂದೇ ಕಾಗದದಲ್ಲಿ ಕರೆದು ತಂದಿದ್ದೆ.

ಹೆದರಿಕೆ ಹಾರಿಹೋಯಿತು. ಎರಡು ಕೈಗಳನ್ನೂ ಅಪ್ಪನ ಮುಂದೆ ಚಾಚಿದೆ. "ನೋಡಪ್ಪ. ನಾ ಬರ್ದಿದ್ದೆಲ್ಲ ಸುಳ್ಳು. ಈ ಊರ್ನ ನಾ ನೋಡಿದ್ದು ಇವತ್ತೇ, ನಿನ್ ಜೊತೇಲೇ. ಒತ್ತುಟ್ದಾಗಿಂದ ಒತ್ತು ಮುಳ್ಗಗಂಟ ನೂಲು ತಗೀತೀನಿ. ಅವಳ್ನ ಕೊಡ್ಬ್ಯಾಡಪ್ಪ, ನಿನ್ ಕಾಲಿಗ್ ಬೀಳ್ತೀನಿ."

ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ಬೇರೆ ಕಡೆ ನೋಡಿದ. ಅಪ್ಪ ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ. ಅವನ ಕಣ್ಣು ತುಂಬಿಕೊಂಡಿತ್ತು. ನೇಕಾರ ಕೇಳಿದಾಗಲೇ ಅನುಮಾನ ಬಂದಿತ್ತು ಮಗ ಅಂದ. ಆಮೇಲೆ "ಚಿಕ್ಕೋಳ್ನ ಇಲ್ಗೆ ಕೊಡದಿಲ್ಲ. ಬುಡು. ಸತ್ರೂ ಕೊಡದಿಲ್ಲ" ಅಂದ.

ನನಗೆ ಎಷ್ಟು ಹಗುರಾಯಿತೆಂದರೆ ಅಳುವೇ ಬಂದುಬಿಟ್ಟಿತು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಅಪ್ಪನ ಮುಂದಿನ ಮಾತಿಗೆ ಕಾದೆ. ನಡಿ ಮಗ, ನಾಳೆ ಬಸ್ಸಿಗೆ ಹೋಗೋಣ ಅನ್ನುವ ಮಾತು. ಹರಿಗೋಲು ಆಚೆ ದಡ ಮುಟ್ಟಿತು, ಈಚೆ ದಡಕ್ಕೆ ಬಂತು. ಪೇಟೆ ಕಡೆ ಹೊರಟಿದ್ದ ಗಾಡಿ ಹತ್ತಿದೆವು, ಕೊಳ್ಳೇಗಾಲ ಬಂತು. ಅಪ್ಪ ದಾರಿಯುದ್ದಕ್ಕೂ ಮಳೆ ಬೆಳೆ ಮಾತಾಡಿದ. ಬಹುಶಃ ಮನೆಗೆ ಹೋಗಿ ಹೇಳುತ್ತಾನೆ ಅಂದುಕೊಂಡೆ.

ಸಂಜೆ ನಡುಮನೆಯಲ್ಲಿ ಅಪ್ಪ ಮಾವನಿಗೆ ಕೈಮುಗಿದು, ಚಿಕ್ಕವಳಿಗೆ ಹನೂರಿನ ಸೋದರಮಾವನ ಕಡೆ ಮಾತಾಗಿಬಿಟ್ಟಿದೆ ಅಂದ. ಮಾತು ಇನ್ನೂ ಆಗಿರಲಿಲ್ಲ, ಇನ್ನು ಮೇಲೆ ಹೋಗಿ ಆಡಬೇಕಿತ್ತು. ಸೋದರಮಾವನ ಹಕ್ಕಿನ ಮುಂದೆ ಯಾರೂ ವಾದ ಮಾಡುವಂತಿಲ್ಲ. ಮಾವ ತಲೆಯಾಡಿಸಿ, ಅಡುಗೆಮನೆಯ ಬಾಗಿಲಲ್ಲಿದ್ದ ನನ್ನನ್ನು ಒಂದು ಸಲ ನೋಡಿದರು. ಆ ನೋಟದ ಬೆಲೆಯನ್ನು ನಾನು ಮುಂದೆ ಬಹಳ ದಿನ ತೆತ್ತೆ.

ಬೆಳಿಗ್ಗೆ ಬೇಗನೆದ್ದು ನನ್ನ ಧಾರೆ ಸೀರೆ, ಬಾಚಣಿಗೆ, ಅವ್ವ ಕೊಟ್ಟ ಕುಂಕುಮದ ಭರಣಿ, ಎಲ್ಲವನ್ನೂ ಒಂದು ಗಂಟು ಕಟ್ಟಿದೆ. ಅಪ್ಪ ಚಪ್ಪಲಿ ಮೆಟ್ಟುವಾಗ ಗಂಟು ಹಿಡಿದು ಪಕ್ಕದಲ್ಲಿ ನಿಂತೆ. ಅತ್ತೆ ಮಾವ ಅಲ್ಲೇ ಇದ್ದರು.

"ಇದೇನವ್ವ?" ಅಂದ ಅಪ್ಪ.

ಆ ಮುಖದಲ್ಲಿ ಎಂಥ ದಿಗಿಲು ಇತ್ತೆಂದರೆ ನನಗೇ ಪಾಪ ಅನ್ನಿಸಿತು. ಮದುವೆಗೆ ಬಂದ ಮಗಳನ್ನು ಮನೆಯಲ್ಲಿಟ್ಟುಕೊಂಡು, ಗಂಡನ ಮನೆ ಬಿಟ್ಟು ಬಂದ ಮಗಳನ್ನೂ ಇಟ್ಟುಕೊಂಡರೆ ಹನೂರಿನವರು ಏನೆಂದಾರು? ಅವನ ಲೆಕ್ಕ ನನಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಇವತ್ತಿಗೂ ನನಗೆ ಸಿಟ್ಟು.

"ಅಳೇ ಬಟ್ಟೆ ಅಪ್ಪ, ಅವ್ವಂಗೆ ಕೊಡು" ಅಂದೆ.

ಅಪ್ಪ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಅವ್ವ ಬಿಚ್ಚುತ್ತಾಳೆ, ಬಿಚ್ಚಿದ ಮೇಲೆ ತಿಳಿಯುತ್ತದೆ, ತಿಳಿದ ಮೇಲೆ ಬಂದೇ ಬರುತ್ತಾರೆ ಅಂತ ನಾನು ನೂಲು ತೆಗೆಯುತ್ತಾ ಬಸ್ಸಿನ ಸದ್ದಿಗೆ ಕಿವಿಗೊಟ್ಟಿದ್ದೆ. ಒಂದು ವಾರ, ಒಂದು ತಿಂಗಳು. ಆಮೇಲೆ ಬಸ್ಸಿನ ಸದ್ದು ಬರೀ ಬಸ್ಸಿನ ಸದ್ದಾಯಿತು.

ಎರಡು ವರ್ಷದ ನಂತರ ತಂಗಿಯ ಮದುವೆಗೆ ಕೌದಳ್ಳಿಗೆ ಹೋದೆ. ಚಾಪೆ ಇಳಿಸಲು ಅಟ್ಟ ಹತ್ತಿದಾಗ ಮೂಲೆಯಲ್ಲಿ ನನ್ನ ಗಂಟು ಇತ್ತು. ನಾನು ಹಾಕಿದ ಗಂಟೇ, ಹಾಕಿದ ಹಾಗೇ ಇತ್ತು. ಅವ್ವನನ್ನು ಕೇಳಿದೆ. "ನಿಮ್ಮಪ್ಪ ತಂದಿಟ್ಟದ್ದು. ಅಂಗಡೀದು, ಮುಟ್ಬ್ಯಾಡ ಅಂದವ್ರೆ ಕಣವ್ವ" ಅಂದಳು.

ನಾನು ಅಟ್ಟದಲ್ಲೇ ಕೂತು ಬಿಚ್ಚಿದೆ. ಮಡಿಕೆಯಲ್ಲಿ ಸ್ವಲ್ಪ ಹುಳ ಹೊಡೆದಿತ್ತು. ಅದೇ ಸೀರೆ ಉಟ್ಟುಕೊಂಡು ಮದುವೆ ಚಪ್ಪರಕ್ಕೆ ಇಳಿದೆ. ಅಪ್ಪ ಬೀಗರಿಗೆ ಎಲೆ ಅಡಿಕೆ ತಟ್ಟೆ ಹಿಡಿದು ನಿಂತಿದ್ದ. ನನ್ನನ್ನು ನೋಡಿದ, ಸೀರೆಯ ಅಂಚು ನೋಡಿದ. ತಟ್ಟೆ ಕೆಳಗಿಟ್ಟು ಹತ್ತಿರ ಬಂದ.

"ಬಿಚ್ದ್ಯಾ ಮಗ?" ಅಂದ.

"ನೀನ್ ಬಿಚ್ನಿಲ್ವಲ್ಲಪ್ಪ" ಅಂದೆ.

ಹಿಂದಿನಿಂದ ಯಾರೋ ಅಡಿಕೆ ಕೇಳಿದರು. ಅಪ್ಪ ತಟ್ಟೆ ಎತ್ತಿಕೊಂಡು ಅವರ ಕಡೆ ಹೋದ.